ಹಿಂಬೆರಳು

ಅಡುಗೆಮನೆಯ ಕಿಟಕಿ ಗಾಜಿಗೆ ಡಿಕ್ಕಿ ಹೊಡೆದು ಬಿದ್ದಿದ್ದ ಹಕ್ಕಿ ತಾಯಿಯ ಅಂಗೈಯಲ್ಲಿ ಕಣ್ಣು ಬಿಟ್ಟಿತು. ಮಗಳು ಆಗಲೇ ಶೂ ಡಬ್ಬಿಗೆ ಹತ್ತಿ ಹಾಸಿ ಸಿದ್ಧಳಾಗಿದ್ದಳು. "ಅಮ್ಮಾ, ಇವತ್ತೊಂದಿನ ನಮ್ಮನೇಲೇ ಇರ್ಲಿ. ನಾಳೆ ಬಿಡೋಣ, ಆಣೆಗೂ!"

"ಇರ್ಲಿ ಬಿಡೇ," ಎಂದ ಗಂಡ, ಒಗೆದ ಬಟ್ಟೆ ಮಡಚುತ್ತಲೇ. "ಗಂಡು ಲಾವಕ್ಕಿ ಅದು. ಹೆಣ್ಣಾಗಿದ್ರೆ ಮರಿಗಳ ಹತ್ರ ಇರ್ತಿತ್ತು. ಇದಕ್ಕೆ ಯಾರು ಕಾಯ್ತಾರೆ?"

"ಅನುಭವದ ಮಾತು!" ಎಂದು ತಾಯಿ ನಕ್ಕಳು. ನಗುತ್ತಲೇ ಹಕ್ಕಿಯ ಕಾಲನ್ನು ಕಿರುಬೆರಳ ಮೇಲೆ ಇಟ್ಟುಕೊಂಡವಳು ಬಗ್ಗಿ ನೋಡಿದಳು. ಮುಂದೆ ಮೂರು ಬೆರಳು. ಹಿಂದೆ ಇರಬೇಕಾದ ಪುಟ್ಟ ಬೆರಳು ಇರಲೇ ಇಲ್ಲ. ಇನ್ನೊಂದು ಕಾಲಿನಲ್ಲೂ ಇಲ್ಲ. "ಪುಟ್ಟೀ, ನಿನ್ನ ಹಕ್ಕಿ ಪುಸ್ತಕದಲ್ಲಿ ಲಾವಕ್ಕಿ ಥರಾನೇ ಇದ್ದು, ಹಿಂಬೆರಳು ಇಲ್ಲದ್ದು ಯಾವುದೇ?"

"ಗುಡುಗಾಡು ಹಕ್ಕಿ," ಎಂದಳು ಮಗಳು ಥಟ್ಟನೆ. "ಅದರಲ್ಲಿ ಅಮ್ಮನ ಕತ್ತು ಕಪ್ಪು. ಅಮ್ಮ ಮೊಟ್ಟೆ ಇಟ್ಟು ಹೋಗಿಬಿಡುತ್ತೆ. ಕಾವು ಕೊಡೋದು, ಮರಿ ಸಾಕೋದು ಎಲ್ಲ ಅಪ್ಪಾನೇ..." ದನಿ ಸಣ್ಣಗಾಯಿತು. ಹಕ್ಕಿಯ ಕತ್ತಿನಲ್ಲಿ ಕಪ್ಪು ಇರಲಿಲ್ಲ. ಮಗಳು ಡಬ್ಬಿಯನ್ನು ಕೆಳಗಿಟ್ಟಳು. "ಕತ್ತಲಾಗ್ತಿದೆ ಅಮ್ಮಾ, ಬೇಗ ಬಾ."

ಹಿತ್ತಲ ಬೇಲಿಯ ಹುಲ್ಲಿನ ಬಳಿ ಮಗಳೇ ಹಕ್ಕಿಯನ್ನು ಕೆಳಗೆ ಬಿಟ್ಟಳು. ಅದು ನಾಲ್ಕು ಹೆಜ್ಜೆ ಓಡಿ, ನಿಂತು, ಮೆಲ್ಲಗೆ ಕರೆಯಿತು. ಹುಲ್ಲು ಅಲುಗಿತು. ಹೆಬ್ಬೆರಳ ಗಾತ್ರದ ಮರಿಗಳು ಒಂದರ ಹಿಂದೊಂದು ಉರುಳಿಕೊಂಡು ಬಂದು ಅದರ ರೆಕ್ಕೆಯಡಿ ನುಗ್ಗಿದವು. ಮಗಳು ಬರಿಗೈಯಲ್ಲಿ ಹಿಂದೆ ಸರಿದು ಅಪ್ಪನ ಕಾಲಿಗೆ ಒರಗಿದಳು. ಮಡಚದೆ ಉಳಿದ ಅವಳ ಪುಟ್ಟ ಫ್ರಾಕು ಇನ್ನೂ ಅವನ ಹೆಗಲ ಮೇಲೇ ಇತ್ತು.