ನಲವತ್ತೆರಡನೆಯ ಅಮಾವಾಸ್ಯೆ

ಭೀಮನ ಅಮಾವಾಸ್ಯೆಯ ದಿನ ಗಂಡನ ಆಯಸ್ಸು ಹೆಚ್ಚಲೆಂದು ಹೆಂಡತಿ ಅವನ ಪಾದ ತೊಳೆದು ಪೂಜಿಸಬೇಕು. ಕಾತ್ಯಾಯಿನಮ್ಮ ನಲವತ್ತೊಂದು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ. ಪೂಜೆ ಮುಗಿಯುವವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಬೀದಿಯ ಹೊಸ ಸೊಸೆಯರಿಗೆಲ್ಲ ವ್ರತ ಹೇಳಿಕೊಟ್ಟು, ಕೈಗೆ ಅರಿಸಿನದ ದಾರ ಕಟ್ಟುತ್ತಿದ್ದವರೂ ಅವರೇ. ಗಂಡ ಸದಾಶಿವಯ್ಯನವರಿಗೆ ಮಾತ್ರ ಇದೆಲ್ಲ ಬರೀ ಗೊಡ್ಡು ಆಚಾರ. ಹೋದ ವರ್ಷ ನೀರು ತಣ್ಣಗಿದೆಯೆಂದು ಅಷ್ಟೂ ಹೆಂಗಸರ ಎದುರಿಗೇ ಹರಿವಾಣವನ್ನು ಒದ್ದಿದ್ದರು.

ಈ ಸಲವೂ ಹೆಂಗಸರು ಬಂದು ದಾರ ಕಟ್ಟಿಸಿಕೊಂಡು ಹೋದರು.

“ಮುಗೀತಾ ನಿನ್ನ ಸಂತೆ?” ಎನ್ನುತ್ತ ಸದಾಶಿವಯ್ಯ ಪಂಚೆಯನ್ನು ಮೊಣಕಾಲಿಗೇರಿಸಿಕೊಂಡು ಕುರ್ಚಿಯಲ್ಲಿ ಕೂತರು.

ಹೆಂಡತಿ ಹರಿವಾಣವನ್ನು ಒರೆಸಿ ಅಟ್ಟದ ಮೇಲಿಟ್ಟರು. ಆಮೇಲೆ ಒಂದು ಲೋಟ ಕಾಫಿ ಹಿಡಿದು ಬಂದು ಎದುರಿಗೇ ಕೂತು ಕುಡಿಯತೊಡಗಿದರು.

“ಏನೇ ಇದು? ಕಾಲು ತೊಳೆಯೋರು ಯಾರು?”

“ನಿಮಗೆ ಇದ್ರಲ್ಲೆಲ್ಲ ನಂಬಿಕೆ ಇಲ್ವಲ್ಲ. ಯಾಕೆ ಕಾಯ್ತಿದೀರಿ?”

“ನಂಗಿಲ್ಲ ಕಣೇ. ಕಾಲು ತೊಳೆದ್ರೆ ಯಾರ ಆಯಸ್ಸೂ ಹೆಚ್ಚಲ್ಲ. ಆದ್ರೆ ಊರಿಗೆಲ್ಲ ಹೇಳಿಕೊಡೋಳು ನೀನು. ನಿಂಗೆ ನಂಬಿಕೆ ಇದೆ ತಾನೇ?”

ಕಾತ್ಯಾಯಿನಮ್ಮ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಇದೆ. ಅದಕ್ಕೇ ಬಿಟ್ಟೆ.”