ಹನ್ನೊಂದು ಯಾನ್ ನೊವಾಕ್

“ಯಾನ್ ನೊವಾಕ್, ವೊಯ್ಚೆಖ್‌ನ ಮಗ, ವಯಸ್ಸು ಇಪ್ಪತ್ತು. ಎಲ್ಲಿದಾನೆ?” ರಷ್ಯಾದ ಝಾರನ ಕಪ್ತಾನ ಇಗರ್ಜಿಯ ಬಾಗಿಲಲ್ಲೇ ಗುಡುಗಿದ.

“ಯಾವ ಯಾನ್ ನೊವಾಕ್, ಕಪ್ತಾನ್ರೇ?” ಹಿಯೆರೋನಿಮ್ ಪಾದ್ರಿ ಆಕಳಿಸಿದರು.

ಕಪ್ತಾನನಿಗೆ ರೇಗಿತು. ಬೆಳಗಿನಿಂದ ಇದೇ ಗೋಳು. ಓಲ್ಷಾಂಕಾ ಹಳ್ಳಿಯಲ್ಲಿ ಕಲ್ಲೆಸೆದರೆ ನೊವಾಕನಿಗೇ ಬೀಳುತ್ತಿತ್ತು. ಕಮ್ಮಾರ ವೊಯ್ಚೆಖ್ ನೊವಾಕ್. ಗಿರಣಿಯವನೂ, ಹೆಂಡತಿ ಮೊಣಕೈಯಿಂದ ತಿವಿದ ಮೇಲೆ, ವೊಯ್ಚೆಖ್ ನೊವಾಕ್.

“ಹೋದ ಭಾನುವಾರವೇ ಸೈನ್ಯದ ಹುಕುಂ ಓದ್ಸಿದ್ವಲ್ಲ, ಎಲ್ಲ ಸಿದ್ಧ ಮಾಡಿಡಿ ಅಂತ?”

“ಮಾಡಿಟ್ಟಿದೀನಿ. ಮೂರು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು.”

ಕಂಬದ ಪಕ್ಕ ಮಾರ್ಚಿಯಾನ್ನಾ ತಲೆವಸ್ತ್ರದ ಚುಂಗು ಹಿಂಡುತ್ತ ನಿಂತಿದ್ದಳು. ವಿಧವೆ. ಅವಳಿಗಿದ್ದವನು ಮಗ ಯಾನ್ ಒಬ್ಬನೇ; ಹುಕುಂ ಬಂದದ್ದು ಅವನಿಗೆ. ಸೈನ್ಯವೆಂದರೆ ಹದಿನೈದು ವರ್ಷ. ಹೋದವನು ತಿರುಗಿ ಬಂದದ್ದನ್ನು ಊರು ಕಂಡಿರಲಿಲ್ಲ.

“ಊರಿಗೆಲ್ಲ ಒಂದೇ ಹೆಸರಾ?”

“ಹಿಂದೆ ಪ್ಲೇಗು ಬಂದು ಊರು ಬರಿದಾಯ್ತು. ಆಮೇಲೆ ಬಂದೋರಿಗೆಲ್ಲ ನೊವಾಕ್ ಅಂದ್ರು, ಅಂದ್ರೆ ಹೊಸಬ. ನನ್ನ ಪುಸ್ತಕದಲ್ಲಂತೂ ಎಲ್ರೂ ತೀರಾ ಹೊಸಬ್ರೇ.”

“ತೆಗೀರಿ ಪುಸ್ತಕ!”

ಊರಲ್ಲಿ ಹುಟ್ಟಿದವರ ಹೆಸರು ಬರೆದಿಡುವ ಪಾದ್ರಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಇದ್ದದ್ದೇ ಸರ್ಕಾರಕ್ಕೂ ಸತ್ಯ. ಅದನ್ನು ತರುವಾಗ ಅವರ ಹೆಬ್ಬಾತು ಕಾಲಿಗಡ್ಡ ಬಂತು. ರೆಕ್ಕೆಯಲ್ಲಿ ಲೇಖನಿ ಮಾಡುವಂಥ ಒಂದು ಗರಿಯೂ ಇರಲಿಲ್ಲ.

“ಇದನ್ನ ಯಾರು ಬೋಳಿಸಿದ್ದು?” ಕಪ್ತಾನ ನಕ್ಕ.

“ಪಾಪ, ದೇವರ ಕೆಲಸಕ್ಕೆ ಕೊಟ್ಟಿದೆ.”

“ಹಾಳೆ ಬೆಳ್ಳಗಿದೆಯಲ್ಲ?”

“ಹೊಲಿಗೆ ಬಿಟ್ಟಿತ್ತು, ಹೊಸದಾಗಿ ಕಟ್ಟಿದೆ. ಮುಟ್ಬೇಡಿ, ಪವಿತ್ರ ಪುಸ್ತಕ.”

ಒಂದೇ ಪುಟದಲ್ಲಿ ಹನ್ನೊಂದು ಯಾನ್ ನೊವಾಕ್. ಎಲ್ಲರ ಅಪ್ಪನೂ ವೊಯ್ಚೆಖ್, ಎಲ್ಲರೂ ಹುಟ್ಟಿದ್ದು ಒಂದೇ ವರ್ಷ.

“ಇವನ ತಾಯಿ ಯಾರು?” ಕಪ್ತಾನ ಹುಕುಂ ಎತ್ತಿ ಹಿಡಿದ.

“ನಾನು,” ಎಂದಳು ಕಮ್ಮಾರನ ಹೆಂಡತಿ. “ನಾನು ಕಣ್ರೀ,” ಎಂದಳು ಗಿರಣಿಯವನ ಹೆಂಡತಿ. ಹೀಗೆ ಹತ್ತು ಜನ. ಹನ್ನೊಂದನೆಯ ಮಾರ್ಚಿಯಾನ್ನಾ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಬೇಕಾದವನು ಒಬ್ಬ. ತಪ್ಪಾದವನನ್ನು ಒಯ್ದರೆ ಕರ್ನಲ್ ಚರ್ಮ ಸುಲಿಯುತ್ತಿದ್ದ. ಕಪ್ತಾನ ತನ್ನ ಬಿಳಿ ಕೈಗವಸಿನ ಕೈಯನ್ನು ಪುಟದ ಮೇಲೆ ರಪ್ಪನೆ ಬಡಿದ. ಪಾದ್ರಿಯ ಮುಖ ಸುಣ್ಣವಾಯಿತು. ಅವರು ಸರ್ರನೆ ಒಂದು ಲೋಟ ವೋಡ್ಕಾ ಮುಂದೆ ಹಿಡಿದರು.

“ಪತ್ತೆಯಿಲ್ಲ ಅಂತ ಬರ್ಕೋತೀನಿ. ಹಾಳಾಗಿ ಹೋಗಿ!”

ಕಪ್ತಾನ ಒಂದೇ ಗುಟುಕಿಗೆ ಕುಡಿದು ಕುದುರೆ ಹತ್ತಿದ. ಊರಾಚೆ ಹೋದ ಮೇಲೆ, ತಿರುಗಿ ನೋಡದೆ, ಸಾಕಪ್ಪಾ ಎಂಬಂತೆ ಕೈಯೆತ್ತಿದ.

ಬಿಳಿ ಅಂಗೈಯಲ್ಲಿ ನಾಲ್ಕೈದು ನೊವಾಕರು ಹಸಿ ಶಾಯಿಯಲ್ಲಿ, ತಿರುಗುಮುರುಗಾಗಿ, ಅಚ್ಚೊತ್ತಿದ್ದರು.