ಅಜ್ಜನ ನಡಿಗೆ

ತರಗತಿಯವರೆಲ್ಲ ಸೇರಿ ಮಾಡುತ್ತಿದ್ದ ಕಾರ್ಟೂನ್ ಸಿನಿಮಾದ ಚಿತ್ರಪದರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಿದ್ದ ಹುಡುಗಿ, ಅವಸರದಲ್ಲಿ ತಪ್ಪು ಪದರವನ್ನು ಆಫ್ ಮಾಡಿಬಿಟ್ಟಳು. ಸಹಪಾಠಿಯೊಬ್ಬ ಬಿಡಿಸಿದ್ದ ಅಜ್ಜನ ಚಿತ್ರ ಪರದೆಯಿಂದ ಮಾಯವಾಗಿ, ಅಡಿಯಲ್ಲಿದ್ದ ವಿಡಿಯೊದಲ್ಲಿ ಆ ಸಹಪಾಠಿಯೇ ಕಾಣಿಸಿಕೊಂಡ. ಅಜ್ಜನ ನಡಿಗೆ ಸರಿಯಾಗಿ ಬರಲೆಂದು ತಾನೇ ನಡೆದು, ವಿಡಿಯೊ ಮಾಡಿಕೊಂಡು, ಅದರ ಮೇಲೆಯೇ ಗೆರೆ ಎಳೆದಿದ್ದ. ಕೊಡೆಯೂರಿಕೊಂಡು, ಬೆನ್ನು ಬಗ್ಗಿಸಿ, ಕಾಲೆಳೆಯುತ್ತ ಬರುತ್ತಿದ್ದ. ಬೈಕ್ ಅಪಘಾತದಲ್ಲಿ ಅವನು ಹೋಗಿ ಇನ್ನೂ ತಿಂಗಳಾಗಿರಲಿಲ್ಲ.

ಹುಡುಗಿ ತಟ್ಟನೆ ತಿರುಗಿ ನೋಡಿದಳು. ಮಗನ ಬ್ಯಾಗು, ಬಣ್ಣದ ಡಬ್ಬಿ ಒಯ್ಯಲು ಬಂದಿದ್ದ ಅವನ ತಾಯಿ ಹಿಂದೆಯೇ ನಿಂತಿದ್ದರು. "ಅಯ್ಯೋ, ಸಾರಿ ಆಂಟಿ, ಈಗ್ಲೇ ತೆಗೀತೀನಿ" ಎಂದು ಮೌಸಿಗೆ ಕೈಹಾಕಿದಳು.

ತಾಯಿ ಆ ಕೈ ಹಿಡಿದುಕೊಂಡರು. "ತೆಗೀಬೇಡಮ್ಮ. ಬೆನ್ನು ನೆಟ್ಟಗಿಟ್ಕೊಂಡು ನಡಿಯೋ ಅಂತ ದಿನಾ ಬಯ್ತಿದ್ದೆ ಇವನಿಗೆ" ಎಂದು ನಗಲು ನೋಡಿದರು, ಆಗಲಿಲ್ಲ. ಪರದೆಯ ಮೇಲೆ ಮಗ ಮಂಡಿ ಹಿಡಿದು ನಿಂತು, ಸುಧಾರಿಸಿಕೊಂಡು, ಮೆಲ್ಲಗೆ ಅಂಚಿನವರೆಗೆ ಹೋಗಿ ಮರೆಯಾದ. ತಾಯಿ ಬ್ಯಾಗನ್ನು ನೆಲಕ್ಕಿಟ್ಟು ಕುರ್ಚಿ ಎಳೆದುಕೊಂಡರು.

"ಇನ್ನೊಂದ್ಸಲ ಹಾಕು. ನನ್ ಮಗ ಮುದುಕನಾಗಿರೋದನ್ನ ಕಣ್ತುಂಬ ನೋಡ್ಕೋತೀನಿ."